ಅರವತ್ತೈದರ ಓಟ: ಖರ್ಚೆಷ್ಟು, ದುಡಿಮೆಯೆಷ್ಟು?

ಅರವತ್ತೈದು ತುಂಬಿದ ದಿನ ಮೂರು ಲೆಕ್ಕ ಬದಲಾಗುತ್ತವೆ. ಅರ್ಹರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಶುರುವಾಗುತ್ತದೆ, ತಿಂಗಳಿಗೆ 1,200 ರೂಪಾಯಿ. ರಕ್ತದಾನದ ಬಾಗಿಲು ಮುಚ್ಚುತ್ತದೆ. ಹಿರಿಯರ ಅಥ್ಲೆಟಿಕ್ಸ್‌ನಲ್ಲಿ 65–69ರ ಹೊಸ ಗುಂಪು ಸಿಗುತ್ತದೆ. ನಿನ್ನೆ ತನ್ನ ಗುಂಪಿನಲ್ಲೇ ಎಲ್ಲರಿಗಿಂತ ಮುದುಕನಾಗಿದ್ದವನು ಇವತ್ತು ಹೊಸ ಗುಂಪಿನ ಹುಡುಗ. ಐದೈದು ವರ್ಷಕ್ಕೊಂದು ಗುಂಪು ಮಾಡಿದ್ದರಿಂದ, ವಯಸ್ಸಾಗುವುದನ್ನು ಕಾದು ಕೂರುವ ಆಟಗಾರರು ಇಲ್ಲಿ ಮಾತ್ರ ಕಾಣುತ್ತಾರೆ.

ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡದಂಥ ಊರಿನಲ್ಲಿದ್ದು ಈ ವಯಸ್ಸಿನಲ್ಲಿ ಓಡಲು, ಜೊತೆಗೆ ಊರ ಕೆಲಸಕ್ಕೆ ಹೆಗಲು ಕೊಡಲು ಎಷ್ಟು ಬೇಕು? 2011ರ ಜನಗಣತಿಯಲ್ಲಿ ಈ ಜಿಲ್ಲೆಯ ಜನ 10.64 ಲಕ್ಷ. ಆಗ ರಾಜ್ಯದಲ್ಲಿ ಅರವತ್ತು ದಾಟಿದವರು ಶೇ 9.5. ಅದೇ ಪ್ರಮಾಣ ಹಿಡಿದರೆ ಜಿಲ್ಲೆಯಲ್ಲಿ ಸುಮಾರು ಒಂದು ಲಕ್ಷ ಹಿರಿಯರು. ಅವರಲ್ಲಿ ಒಬ್ಬರನ್ನು ಲೆಕ್ಕಕ್ಕೆ ಕಲ್ಪಿಸಿಕೊಳ್ಳೋಣ. ತೂಕ 60 ಕೆ.ಜಿ., ವಾರಕ್ಕೆ ಆರು ದಿನ ಐದೈದು ಕಿಲೋಮೀಟರ್ ಓಟ, ದಿನಕ್ಕೆರಡು ತಾಸು ಸಮಾಜಸೇವೆ. ಕೈಗೆ ಬರುವುದು ಪಿಂಚಣಿ ಮಾತ್ರ, ವರ್ಷಕ್ಕೆ 14,400 ರೂಪಾಯಿ.

ಮೊದಲು ಹೊಟ್ಟೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ಕೆ.ಜಿ. ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು, ಅಂದರೆ ಇವರಿಗೆ ದಿನಕ್ಕೆ 50 ಗ್ರಾಂ. ಅದಕ್ಕೆ ಡಬ್ಬಿಯ ಪುಡಿ ಬೇಕಿಲ್ಲ, ಈ ಎರೆ ಭೂಮಿ ಬೆಳೆಯುವುದೇ ಅದನ್ನು. 250 ಗ್ರಾಂ ಜೋಳದಲ್ಲಿ 25 ಗ್ರಾಂ, 60 ಗ್ರಾಂ ಹೆಸರಿನಲ್ಲಿ 13, 60 ಗ್ರಾಂ ಕಡಲೆಯಲ್ಲಿ 11 ಗ್ರಾಂ ಪ್ರೋಟೀನ್ ಇದೆ. ರೊಟ್ಟಿ, ಹೆಸರುಕಾಳಿನ ಪಲ್ಯ, ಒಂದು ಹಿಡಿ ನೆನೆಸಿದ ಕಡಲೆ ತಿಂದರೆ 49 ಗ್ರಾಂ ಆಯಿತು. ಉಳಿದೊಂದು ಗ್ರಾಂ ಮಜ್ಜಿಗೆಯಲ್ಲಿ ಬರುತ್ತದೆ. 2025–26ರ ಬೆಂಬಲ ಬೆಲೆ ಮಾಲ್ದಂಡಿ ಜೋಳಕ್ಕೆ ಕ್ವಿಂಟಲಿಗೆ 3,749, ಹೆಸರಿಗೆ 8,768, ಕಡಲೆಗೆ 5,650 ರೂಪಾಯಿ. ಆ ದರದಲ್ಲಿ ಜೋಳಕ್ಕೆ 9.37, ಹೆಸರಿಗೆ 5.26, ಕಡಲೆಗೆ 3.39, ಒಟ್ಟು ದಿನಕ್ಕೆ 18 ರೂಪಾಯಿ. ವರ್ಷಕ್ಕೆ ಸುಮಾರು 6,575. ಇದು ಹೊಲದ ದರ. ಅಂಗಡಿಯಲ್ಲಿ ಕೊಂಡು ತಿನ್ನುವವರಿಗೆ ಇನ್ನೂ ಜಾಸ್ತಿ ಬೀಳುತ್ತದೆ.

ಆಮೇಲೆ ಬೂಟು. ವಾರಕ್ಕೆ 30ರಂತೆ ವರ್ಷಕ್ಕೆ 1,560 ಕಿಲೋಮೀಟರ್. ಓಟದ ಬೂಟು ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರ್ ಬಾಳುತ್ತದೆಂದು ಹೇಳುವುದುಂಟು. 800 ಹಿಡಿದರೂ ವರ್ಷಕ್ಕೆ ಎರಡು ಜೋಡಿ ಬೇಕು; ಜೋಡಿಗೆ 3,000 ಅಂದರೆ 6,000 ರೂಪಾಯಿ. 1960ರ ರೋಮ್ ಒಲಿಂಪಿಕ್ಸ್ ಮ್ಯಾರಥಾನನ್ನು ಅಬೆಬೆ ಬಿಕಿಲಾ ಬರಿಗಾಲಲ್ಲಿ ಗೆದ್ದದ್ದು ನಿಜ, ಆದರೆ ಅರವತ್ತೈದರ ಮೊಣಕಾಲಿಗೆ ಆ ಉದಾಹರಣೆ ಹೇಳುವುದು ಅನ್ಯಾಯ. ಇಲ್ಲಿ ಮಣ್ಣಿನ ತಾಪತ್ರಯ ಬೇರೆ ಇದೆ. ಬೇಸಿಗೆಯಲ್ಲಿ ಎರೆ ನೆಲ ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಅಡಿಗೆ ಮೆತ್ತಿಕೊಂಡು ಹೆಜ್ಜೆ ಎತ್ತಲು ಬಿಡುವುದಿಲ್ಲ. ಹಾಗಾಗಿ ಓಟವೆಲ್ಲ ಡಾಂಬರು ರಸ್ತೆಯ ಮೇಲೆ, ಬೂಟಿನ ಅಟ್ಟೆ ಸವೆಯುವುದೂ ಅಲ್ಲೇ. ನರಗುಂದ, ಗಜೇಂದ್ರಗಡದವರಿಗೆ ಹತ್ತಲು ಗುಡ್ಡವಾದರೂ ಇದೆ, ರೋಣದವರಿಗೆ ಬಯಲೇ ಗತಿ.

ಕಾಳು, ಬೂಟು ಎರಡಕ್ಕೇ 12,575 ಆಯಿತು. ಪಿಂಚಣಿಯಲ್ಲಿ ಉಳಿದದ್ದು 1,825 ರೂಪಾಯಿ. ಎಣ್ಣೆ, ತರಕಾರಿ, ಬಟ್ಟೆ, ಔಷಧ, ಸ್ಪರ್ಧೆಯ ಪ್ರವೇಶ ಶುಲ್ಕ, ಪ್ರಯಾಣ ಎಲ್ಲವೂ ಇದರಲ್ಲೇ. ಆಗುವ ಮಾತಲ್ಲ. ಮಕ್ಕಳು ಕೊಡಬೇಕು, ಇಲ್ಲವೇ ಮನೆಯಲ್ಲಿ ಹೊಲ ಇರಬೇಕು.

ಪ್ರಯಾಣದಲ್ಲಿ ಗಂಡು, ಹೆಣ್ಣಿನ ಲೆಕ್ಕ ಬೇರೆಬೇರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರಕಾರಿ ಬಸ್ಸಿನಲ್ಲಿ ಟಿಕೆಟ್ ಸೊನ್ನೆ. ಗದಗಿಗೋ ಹುಬ್ಬಳ್ಳಿಗೋ ಸ್ಪರ್ಧೆಗೆ ಹೋಗುವ ಅಜ್ಜಿಗೆ ಬಸ್ ಖರ್ಚಿಲ್ಲ. ಅಜ್ಜನಿಗೆ ಅರವತ್ತರ ಮೇಲೆ ಶೇ 25 ರಿಯಾಯಿತಿ. ರಾಜ್ಯದ ಗಡಿ ದಾಟಿದರೆ ಇಬ್ಬರ ಕಥೆಯೂ ಒಂದೇ. ಏಷ್ಯಾದ ಹಿರಿಯರ ಕೂಟ 2025ರ ನವೆಂಬರ್‌ನಲ್ಲಿ ಚೆನ್ನೈನಲ್ಲೇ ನಡೆಯಿತು. ವಿಮಾನ ಬೇಡ, ರೈಲು ಸಾಕು. ಆದರೆ ಗಂಡಸರಿಗೆ 60ರ ಮೇಲೆ ಶೇ 40, ಹೆಂಗಸರಿಗೆ 58ರ ಮೇಲೆ ಶೇ 50 ಇದ್ದ ರೈಲ್ವೆ ರಿಯಾಯಿತಿ 2020ರ ಮಾರ್ಚ್ 20ರಿಂದ ನಿಂತುಹೋಗಿದೆ. ಕೊರೊನಾ ಹೋಯಿತು, ರಿಯಾಯಿತಿ ಬರಲಿಲ್ಲ. ಈ ಮೂರೂ ಪಟ್ಟಣಗಳೊಳಗೆ ರೈಲಿಲ್ಲ; ಗದಗ–ಹೊಟಗಿ ಮಾರ್ಗದ ಹೊಳೆಆಲೂರು ನಿಲ್ದಾಣ ರೋಣ ತಾಲ್ಲೂಕಿನದು.

ಸರಕಾರಕ್ಕಿಂತ ಆಟದ ನಿಯಮವೇ ಮುಪ್ಪನ್ನು ಚೆನ್ನಾಗಿ ಅರಿತಿದೆ. ಗುಂಡು ಎಸೆತದಲ್ಲಿ ಗಂಡಸರ ಗುಂಡು 50ರವರೆಗೆ 7.26 ಕೆ.ಜಿ.; ಆಮೇಲೆ ಹತ್ತು ಹತ್ತು ವರ್ಷಕ್ಕೆ 6, 5, 4 ಎಂದು ಇಳಿದು, 80 ದಾಟಿದ ಮೇಲೆ 3 ಕೆ.ಜಿ. ಹೆಂಗಸರಿಗೆ 75ರ ನಂತರ 2 ಕೆ.ಜಿ. ಮಾನ್ ಕೌರ್ ಎಂಬ ಅಜ್ಜಿ 93ರಲ್ಲಿ ಓಟ ಶುರುಮಾಡಿ, 101ರಲ್ಲಿ, 2017ರ ಆಕ್ಲೆಂಡ್ ಕೂಟದಲ್ಲಿ ನೂರು ಮೀಟರನ್ನು 74 ಸೆಕೆಂಡಿನಲ್ಲಿ ಮುಗಿಸಿದರು. ಹರಿಯಾಣದ ಭಗವಾನಿ ದೇವಿ 94ನೇ ವಯಸ್ಸಿನಲ್ಲಿ, 2022ರ ಟಾಂಪೆರೆ ವಿಶ್ವಕೂಟದಲ್ಲಿ ಅದನ್ನೇ 24.74 ಸೆಕೆಂಡಿನಲ್ಲಿ ಓಡಿ ಚಿನ್ನ ಗೆದ್ದರು. ಗಂಟೆಗೆ 14.5 ಕಿಲೋಮೀಟರ್ ವೇಗ ಅದು. ನಮ್ಮಲ್ಲಿ ನಲವತ್ತರ ಎಷ್ಟು ಮಂದಿ ಆ ವೇಗದಲ್ಲಿ ಬಸ್ ಹಿಡಿಯುತ್ತಾರೋ!

ಇನ್ನು ಯಾರೂ ಬರೆದಿಡದ ಖಾತೆ. ದಿನಕ್ಕೆರಡು ತಾಸಿನ ಸೇವೆ ವರ್ಷಕ್ಕೆ 730 ತಾಸು, ಎಂಟು ತಾಸಿನ ಲೆಕ್ಕದಲ್ಲಿ 91 ಆಳು. 2025–26ರ ಉದ್ಯೋಗ ಖಾತ್ರಿ ಕೂಲಿ 370 ರೂಪಾಯಿಯಂತೆ 33,700 ರೂಪಾಯಿ ಬಾಳುವ ಕೆಲಸ. ಸರಕಾರ ಇವರಿಗೆ ಕೊಡುವ ಪಿಂಚಣಿಗಿಂತ ಇವರು ಊರಿಗೆ ಕೊಡುವುದು ಎರಡು ಪಟ್ಟು ಮೀರಿತು. ರಕ್ತದ ಲೆಕ್ಕ ಇದರಲ್ಲಿ ಸೇರಿಲ್ಲ. 25ರಿಂದ 65ರವರೆಗೆ ಮೂರು ತಿಂಗಳಿಗೊಮ್ಮೆ 350 ಮಿಲಿ ಲೀಟರ್ ಕೊಟ್ಟ ಗಂಡಸು 160 ಸಲ, 56 ಲೀಟರ್ ಕೊಟ್ಟಿರುತ್ತಾನೆ.

ಶ್ರಮದಾನದಲ್ಲಿ ತೆಗೆಯುವ ಕೆರೆಯ ಹೂಳನ್ನೂ ತೂಗಿ ನೋಡೋಣ. ಒಂದು ಎಕರೆಯಲ್ಲಿ ಒಂದು ಅಡಿ ಹೂಳು ಅಂದರೆ 43,560 ಘನ ಅಡಿ. ನಮ್ಮ ಕಡೆಯ ಲೆಕ್ಕದಲ್ಲಿ, ನೂರು ಘನ ಅಡಿಗೆ ಒಂದು ಬ್ರಾಸಿನಂತೆ, ಸುಮಾರು 436 ಬ್ರಾಸ್. ಟ್ರೇಲರಿಗೆ ಒಂದು ಬ್ರಾಸ್ ಹಿಡಿದರೆ 436 ಟ್ರಿಪ್. ಒಬ್ಬರು ದಿನಕ್ಕೆ ಎರಡು ಘನ ಮೀಟರ್ ಅಗೆದು ಹೊತ್ತರೂ 617 ಆಳು, 2.28 ಲಕ್ಷ ರೂಪಾಯಿಯ ಶ್ರಮ. ಅಷ್ಟಾದ ಮೇಲೆ ಹೆಚ್ಚಿಗೆ ನಿಲ್ಲುವ ನೀರು 12.33 ಲಕ್ಷ ಲೀಟರ್. ತಲೆಗೆ ದಿನಕ್ಕೆ 55 ಲೀಟರಿನಂತೆ 61 ಜನಕ್ಕೆ ಒಂದು ವರ್ಷ, ಅದೂ ಆವಿಯಾಗದಿದ್ದರೆ. 2015ರ ಜುಲೈನಿಂದ ನರಗುಂದದವರು ಧರಣಿ ಕೂತು ಕೇಳಿದ ಮಹದಾಯಿ ನೀರಿನಲ್ಲಿ, ಕಳಸಾ ಮತ್ತು ಬಂಡೂರಿಯಿಂದ ಮಲಪ್ರಭೆಗೆ ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ಕೊಟ್ಟದ್ದು 3.9 ಟಿಎಂಸಿ, ಅಂದರೆ ಸುಮಾರು 89,500 ಎಕರೆ-ಅಡಿ. ಶ್ರಮದಾನದ ಫೋಟೊ ತೋರಿಸಿ ಯೋಜನೆಯ ಮಾತು ಮರೆಸುವವರು ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಲಿ.

ಆಟಕ್ಕೆ ಮಾತ್ರ ಅಷ್ಟು ದೊಡ್ಡ ಮೊತ್ತ ಬೇಡ. ಪೂರ್ತಿ 400 ಮೀಟರ್ ಟ್ರ್ಯಾಕಿಗೆ ನಾಲ್ಕು ಎಕರೆ ಬೇಕು, ಅದನ್ನು ಪ್ರತಿ ತಾಲ್ಲೂಕಿಗೆ ಕೇಳುವುದು ದುಬಾರಿ. 200 ಮೀಟರಿನ ಸುತ್ತಿಗೆ 50 ಮೀಟರಿನ ಎರಡು ನೇರ ಗೆರೆ, ಎರಡು ತುದಿಗೆ 15.9 ಮೀಟರ್ ತ್ರಿಜ್ಯದ ಅರ್ಧ ವೃತ್ತ ಸಾಕು. ಎರಡು ಲೇನ್ ಸೇರಿಸಿದರೂ 32 ಗುಂಟೆ ದಾಟುವುದಿಲ್ಲ. ಹೈಸ್ಕೂಲ್ ಮೈದಾನ, ಒಂದು ಹಗ್ಗ, ಒಂದು ಗೂಟ, ಸುಣ್ಣದ ಪುಡಿ ಇದ್ದರೆ ಬೆಳಗಿನೊಳಗೆ ಗೆರೆ ಹಾಕಬಹುದು. ಅದರ ಮೇಲೆ 5,000 ಮೀಟರ್ ಓಡುವವರು 25 ಸುತ್ತು ಹಾಕಬೇಕು. ಸುತ್ತು ಎಣಿಸಲು ಪಕ್ಕದಲ್ಲಿ ಇನ್ನೊಬ್ಬರು ನಿಲ್ಲಬೇಕು.