ನಟಿಯರ ಕೋಲ್ಡ್ ಕ್ರೀಮ್

ನಮ್ಮ ಕಾಲೇಜಿನ ನಾಟಕ ಮುಗಿದ ರಾತ್ರಿ, ನಾಯಕಿಯ ಪಾತ್ರ ವಹಿಸಿದ್ದ ವಿದ್ಯಾರ್ಥಿನಿಯು ಮುಖದ ಬಣ್ಣವನ್ನು ಸಾಬೂನಿನಿಂದ ತಿಕ್ಕಿ ತಿಕ್ಕಿ ತೊಳೆದಳು. ಬಣ್ಣ ಪೂರ್ತಿ ಹೋಗಲಿಲ್ಲ. ಕೆನ್ನೆ ಮಾತ್ರ ಕೆಂಪೇರಿ ಉರಿಯತೊಡಗಿತು. ಸಾಬೂನು ಕ್ಷಾರೀಯ, ಚರ್ಮದ ಮೇಲ್ಮೈಯಾದರೋ ತುಸು ಆಮ್ಲೀಯ. ಅದರ ಸಹಜವಾದ ಜಿಡ್ಡೂ ಬಣ್ಣದೊಡನೆ ಕೊಚ್ಚಿಹೋಗಿತ್ತು.

ಹಾಲಿವುಡ್ಡಿನ ಹಳೆಯ ನಟಿಯರ ಕ್ರಮವೇ ಬೇರೆ. ಚಿತ್ರೀಕರಣ ಮುಗಿದೊಡನೆ ಮುಖಕ್ಕೆ ಕೋಲ್ಡ್ ಕ್ರೀಮ್ ಬಳಿದು, ಮೃದುವಾದ ಬಟ್ಟೆಯಿಂದ ಒರಸಿಬಿಡುತ್ತಿದ್ದರು. ಆ ಬಣ್ಣ ಜಿಡ್ಡಿನಲ್ಲಿ ಕಲಸಿದ್ದು. ನೀರು ಕರಗಿಸಲಾರದ್ದನ್ನು ಎಣ್ಣೆ ಕರಗಿಸಬಲ್ಲದು. ಹಲಸಿನ ಮೇಣ ಬಿಡಿಸಲು ಕೈಗೆ ಎಣ್ಣೆ ಸವರುವ ನಮ್ಮ ಗೃಹಿಣಿಯರಿಗೆ ಈ ತತ್ತ್ವ ಹೊಸದೇನಲ್ಲ!

ಆದರೆ ತಂಪು ಎಲ್ಲಿಂದ ಬಂದಿತು? ಡಬ್ಬಿಯಲ್ಲಿ ಉಷ್ಣಮಾಪಕವನ್ನಿಟ್ಟು ನೋಡಿರಿ. ಅದು ಕೋಣೆಯ ಉಷ್ಣತೆಯನ್ನೇ ತೋರಿಸುತ್ತದೆ. ಗೇಲನ್ ಎಂಬ 2ನೆಯ ಶತಮಾನದ ವೈದ್ಯನ ಹೆಸರಿನಲ್ಲಿ ನಡೆದುಬಂದಿರುವ ಈ ಮಿಶ್ರಣದಲ್ಲಿ, ಜೇನುಮೇಣ ಮತ್ತು ಎಣ್ಣೆಗಳ ನಡುವೆ ನೀರಿನ ಸೂಕ್ಷ್ಮ ಹನಿಗಳು ಅಡಗಿರುತ್ತವೆ. ಚರ್ಮದ ಮೇಲೆ ತೆಳುವಾಗಿ ಹರಡಿದಾಗ ಆ ನೀರು ಆವಿಯಾಗುತ್ತದೆ. ಹಾಗಾಗಲು ಪ್ರತಿ ಗ್ರಾಂ ನೀರಿಗೆ ಸುಮಾರು 580 ಕ್ಯಾಲೊರಿ ಉಷ್ಣ ಬೇಕು; ಅದರ ಬಹುಪಾಲನ್ನು ತೆರುವುದು ನಟಿಯ ಕೆನ್ನೆಯೇ.

ಮರುವರ್ಷದ ನಾಟಕದಲ್ಲಿ ಅದೇ ಹುಡುಗಿ ಬಣ್ಣದ ಪೆಟ್ಟಿಗೆಯ ಪಕ್ಕದಲ್ಲಿ ಕೊಬ್ಬರಿ ಎಣ್ಣೆಯ ಸೀಸೆಯನ್ನು ಇರಿಸಿಕೊಂಡಿದ್ದಳು.