ಶಿಲೆಗೆ ಹೆಸರಿಟ್ಟ ರಸಿಕ

‘ಮೂಡಣ ಬಾಗಿಲು’ ಎಂಬುದೇ ಜನರ ನಾಲಗೆಯಲ್ಲಿ ಸವೆದು ಮುಳಬಾಗಿಲಾಯಿತೆಂದು ಹೇಳುತ್ತಾರೆ. ಆ ಊರಿನಲ್ಲಿ 1887ರ ಮಾರ್ಚ್ 17ರಂದು ಜನಿಸಿದ ಡಿ. ವಿ. ಗುಂಡಪ್ಪನವರನ್ನು ‘ಮಂಕುತಿಮ್ಮನ ಕಗ್ಗ’ದ ಕವಿಯೆಂದು ಕನ್ನಡಿಗರೆಲ್ಲ ಬಲ್ಲರು; ಪತ್ರಿಕೋದ್ಯಮಿಯೆಂದು, ಬೆಂಗಳೂರಿನಲ್ಲಿ 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದವರೆಂದು ಗೌರವಿಸುವರು. ಕಲಾವಿಮರ್ಶಕ ಡಿ.ವಿ.ಜಿ. ಮಾತ್ರ ಇವರೆಲ್ಲರ ಹಿಂದೆ ಮರೆಯಾಗಿ ನಿಂತಿದ್ದಾರೆ. ಅವರ ಬರವಣಿಗೆಯನ್ನು ಒಂದೆಡೆ ಸೇರಿಸಿದ ‘ಡಿವಿಜಿ ಕೃತಿಶ್ರೇಣಿ’ಯ ಸಂಪುಟಗಳನ್ನು ತೆರೆದರೆ ಆ ರಸಿಕನ ದರ್ಶನವಾಗುತ್ತದೆ.

ಮೆಟ್ರಿಕ್ಯುಲೇಷನ್ ಪರೀಕ್ಷೆಯನ್ನೂ ದಾಟದ ಗುಂಡಪ್ಪನವರಿಗೆ ಮೈಸೂರು ವಿಶ್ವವಿದ್ಯಾನಿಲಯವು 1961ರಲ್ಲಿ ಡಿ.ಲಿಟ್. ಪದವಿಯನ್ನಿತ್ತು ಗೌರವಿಸಿತು. ಕಲೆಯನ್ನು ಕುರಿತು ಅವರು ಬರೆದುದರ ಹಿಂದೆ ಇದ್ದದ್ದು ಪದವಿಯ ಬಲವಲ್ಲ. ತಾಳ್ಮೆಯಿಂದ ನೋಡುವ ಕಣ್ಣು, ಭಕ್ತಿಯಿಂದ ಆಲಿಸುವ ಕಿವಿ.

ಮುಳಬಾಗಿಲಿಗೆ ಸಮೀಪದ ಕುರುಡುಮಲೆಯ ಸೋಮೇಶ್ವರ ದೇವಾಲಯದ ಒಂದು ಭಾಗವನ್ನು ಜಕಣಾಚಾರಿಯೂ ಇನ್ನೊಂದು ಭಾಗವನ್ನು ಅವನ ಮಗ ಡಂಕಣಾಚಾರಿಯೂ ಕಡೆದರೆಂಬುದು ಆ ಸೀಮೆಯ ಐತಿಹ್ಯ. ಅದೇ ಜಕಣಾಚಾರಿಯ ಹೆಸರನ್ನು ಜನರು ಬೇಲೂರಿಗೂ ಅಂಟಿಸಿದ್ದಾರೆ. ಆದರೆ 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇವಾಲಯದಲ್ಲಿ, ಮದನಿಕೆಯರ ಪೀಠಗಳ ಮೇಲೆ ಕಾಣುವುದು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರ ಹೆಸರುಗಳು. ಹೊರಗೆ 38, ಒಳಗೆ 4 ಮದನಿಕೆಯರು. ಕಡೆದ ಕೈಗಳಿಗೆ ಹೆಸರುಂಟು. ಆ ಚೆಲುವೆಯರ ಮನಸ್ಸಿನಲ್ಲಿರುವುದೇನು? ಅದನ್ನು ಯಾವ ಶಾಸನ ಹೇಳೀತು?

1950ರಲ್ಲಿ ಪ್ರಕಟವಾದ ‘ಅಂತಃಪುರ ಗೀತೆ’ ಆ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. ಅದು ಹಾಡುಗಳ ಪುಸ್ತಕ. ಆದರೂ ಹಾಡಿಗೆ ಮೊದಲೇ ಶೀರ್ಷಿಕೆಯಲ್ಲಿ ವಿಮರ್ಶೆ ಮುಗಿದಿರುತ್ತದೆ. ಕನ್ನಡಿ ಹಿಡಿದವಳು ‘ಮುಕುರಮುಗ್ಧೆ’. ಮುಗ್ಧೆಯೆಂದರೆ ಏನೂ ಅರಿಯದ ಎಳೆಯಳೆಂದೂ ಆದೀತು, ಮೈಮರೆತವಳೆಂದೂ ಆದೀತು. ಆಕೆ ತನ್ನ ರೂಪವನ್ನು ಈಗ ತಾನೆ ಅರಿಯುತ್ತಿರುವಳೋ, ಅರಿತು ಮರುಳಾಗಿರುವಳೋ? ಒಂದೇ ಪದ ನೋಡುವವನನ್ನು ವಿಗ್ರಹದ ಮುಖಕ್ಕೆ ಮರಳಿಸುತ್ತದೆ. ಸೆರಗು ಸೆಳೆಯುವ ಕೋತಿಯನ್ನು ಗದರಿಸುವವಳು ‘ಕಪಿಕುಪಿತೆ’. ಗಿಳಿಯೊಡನೆ ಮಾತಿಗಿಳಿದವಳು ‘ಶುಕಭಾಷಿಣಿ’. ಬಳಪದ ಕಲ್ಲಿನಲ್ಲಿ ನಿಂತುಹೋದ ಗಳಿಗೆ ಹೆಸರಿನಿಂದ ಮತ್ತೆ ಚಲಿಸತೊಡಗುತ್ತದೆ. ಕಗ್ಗದ ವಿರಾಗಿಗೆ ಈ ಶೃಂಗಾರವೇಕೆಂದು ಹುಬ್ಬೇರಿಸುವವರಿಗೆ ಹಾಡುಗಳಲ್ಲಿಯೇ ಉತ್ತರವಿದೆ: ಅಷ್ಟೆಲ್ಲ ವಿಲಾಸವೂ ಕೊನೆಗೆ ಸಲ್ಲುವುದು ಗರ್ಭಗುಡಿಯ ಚೆನ್ನಿಗನಿಗೆ. ಭರತನಾಟ್ಯದ ವೇದಿಕೆಯ ಮೇಲೆ ನರ್ತಕಿಯರು ಈ ಗೀತೆಗಳಿಗೆ ಅಭಿನಯಿಸುವಾಗ ಕಲ್ಲಿನಿಂದ ಮಾತಿಗೆ ಬಂದ ಭಾವ ಮತ್ತೆ ದೇಹವನ್ನು ಪಡೆಯುತ್ತದೆ.

ಕಲ್ಲಾದರೋ ಎಂಟು ಶತಮಾನ ಕಾದುಕೊಂಡಿತ್ತು. ವೀಣೆಯ ನಾದ ಕಾಯುವುದೇ? ರಂಗದ ಮೇಲಿನ ನಟನ ಧ್ವನಿ ತೆರೆ ಬಿದ್ದ ಮೇಲೆ ಎಲ್ಲಿ ಉಳಿದೀತು? ‘ಜ್ಞಾಪಕ ಚಿತ್ರಶಾಲೆ’ಯ ಎಂಟು ಸಂಪುಟಗಳಲ್ಲಿ ‘ಕಲೋಪಾಸಕರು’ ಎಂಬುದು ಹೀಗೆ ಕರಗಿಹೋಗುವ ಕಲೆಗಾಗಿಯೇ ಮೀಸಲು. ವೀಣೆ ಶೇಷಣ್ಣ, ಬಿಡಾರಂ ಕೃಷ್ಣಪ್ಪ, ಬೆಂಗಳೂರು ನಾಗರತ್ನಮ್ಮ, ನಟಶ್ರೇಷ್ಠ ವರದಾಚಾರ್ಯರು ಅಲ್ಲಿ ಕೇವಲ ಬಿರುದುಗಳಾಗಿ ಉಳಿಯದೆ, ಕಂಡು ಕೇಳಿ ಮೆಚ್ಚಿದವರೊಬ್ಬರ ನೆನಪಿನಲ್ಲಿ ಮನುಷ್ಯರಾಗಿ ಎದ್ದುಬರುತ್ತಾರೆ. ಅವರ ಕಛೇರಿಯನ್ನು ಕೇಳದ, ಅವರ ನಾಟಕವನ್ನು ನೋಡದ ಪೀಳಿಗೆಗೆ ದೊರೆತ ಅಮೂಲ್ಯವಾದ ಆಸ್ತಿ ಅದು.

ಗುಣದೋಷಗಳ ಪಟ್ಟಿ ಹಾಕಿ ಅಂಕ ಕೊಡುವುದನ್ನೇ ವಿಮರ್ಶೆಯೆಂದು ತಿಳಿದವರು ಡಿ.ವಿ.ಜಿ. ಅವರನ್ನು ಕಲಾವಿಮರ್ಶಕರ ಪಂಕ್ತಿಯಲ್ಲಿ ಕೂರಿಸಲು ಹಿಂಜರಿದಾರು. ಆದರೆ ನೋಡಲು ಕಲಿಸಿದವನಿಗಿಂತ ಮಿಗಿಲಾದ ವಿಮರ್ಶಕನುಂಟೆ? 1975ರಲ್ಲಿ ಅವರು ಕಣ್ಮರೆಯಾದರು. ಅವರು ಕಲಿಸಿದ ಪಾಠ ಪುಸ್ತಕಗಳಲ್ಲಿದೆ. ಮುಂದಿನ ರಜೆಯಲ್ಲಿ ಮಕ್ಕಳೊಡನೆ ಬೇಲೂರಿಗೆ ಹೋಗುವವರು ಎಲ್ಲ ಮದನಿಕೆಯರನ್ನೂ ಅವಸರದಲ್ಲಿ ಎಣಿಸಿ ಮುಗಿಸಬೇಕಾಗಿಲ್ಲ. ಯಾರಾದರೊಬ್ಬಳ ಮುಂದೆ ಹತ್ತು ನಿಮಿಷ ನಿಂತು, ಆಕೆಗೊಂದು ಹೆಸರಿಡುವಂತೆ ಮಕ್ಕಳನ್ನು ಕೇಳಿದರೆ ಸಾಕು.