ಬಲಿಮೆಲಾದ ಗುಡ್ಡ, ಕೊಡಿಗೇಹಳ್ಳಿಯ ಬೀದಿ

ಗಾಂಜಾಕ್ಕೆ ನಮ್ಮ ಹುಡುಗರು ಇಟ್ಟುಕೊಂಡಿರುವ ಹೆಸರು ಸೊಪ್ಪು. ದೊಡ್ಡಬಳ್ಳಾಪುರದ ಕಡೆಯ ದಂಟು, ಮೆಂತ್ಯೆ, ಸಬ್ಬಸಿಗೆ ತಿಂದು ಬೆಳೆದ ಕೊಡಿಗೇಹಳ್ಳಿಯಲ್ಲಿ ಆ ಮಾತಿಗೆ ಹೀಗೊಂದು ಅರ್ಥ ಹುಟ್ಟಿದೆ ಎಂದು ಮೊದಲ ಸಲ ಗೊತ್ತಾದಾಗ ನನಗೆ ಸಂಕಟವಾಗಿತ್ತು. ಸುತ್ತ ಕಾಲೇಜುಗಳು, ಪಿಜಿಗಳು, ಒಂದು ಕಡೆ ಬಳ್ಳಾರಿ ರಸ್ತೆ, ಇನ್ನೊಂದು ಕಡೆ ಹಿಂದೂಪುರ, ಧರ್ಮಾವರಂ ಮೂಲಕ ಆಂಧ್ರಕ್ಕೆ ಹೋಗುವ ರೈಲು ಹಳಿ. ಕೊಳ್ಳುವವರೂ ಇಲ್ಲಿದ್ದಾರೆ, ದಾರಿಯೂ ಇಲ್ಲೇ ಇದೆ. ಮಾದಕ ವಸ್ತು ನಿಯಂತ್ರಣ ಬ್ಯೂರೊದ ಬೆಂಗಳೂರು ವಲಯ ಕಚೇರಿ ಕೂಡ ದೂರವಿಲ್ಲ, ಯಲಹಂಕದ ಕಟ್ಟಿಗೇನಹಳ್ಳಿಯಲ್ಲಿದೆ.

ಬೀದಿಯಲ್ಲಿ ಸಿಗುವ ಪೊಟ್ಟಣದ ಹಿಂದೆ ಎಷ್ಟು ಉದ್ದದ ದಾರಿ ಇರುತ್ತದೆ ಎನ್ನುವುದನ್ನು 2020ರ ಸೆಪ್ಟೆಂಬರ್‌ನ ಪ್ರಕರಣವೊಂದು ತೋರಿಸಿತು. ಶೇಷಾದ್ರಿಪುರದ ಪೊಲೀಸರ ಕೈಗೆ ಮೊದಲು ಸಿಕ್ಕವನು ಒಬ್ಬ ಆಟೊ ಚಾಲಕ, ಅವನ ಬಳಿ ಇದ್ದದ್ದು ಸುಮಾರು ಎರಡು ಕಿಲೊ. ಅವನಿಗೆ ಕೊಟ್ಟವರು ಯಾರು, ಅವರಿಗೆ ಕೊಟ್ಟವರು ಯಾರು ಎಂದು ಕೇಳುತ್ತಾ ಹೋದ ಪೊಲೀಸರು ಕಡೆಗೆ ತಲುಪಿದ್ದು ಕಲಬುರಗಿ ಜಿಲ್ಲೆಯ ತಾಂಡಾವೊಂದರ ಕುರಿ ಸಾಕುವ ಜಾಗಕ್ಕೆ. ಅಲ್ಲಿ ನೆಲದಡಿಯ ಗುಂಡಿಯಲ್ಲಿ 1,350 ಕಿಲೊ ಗಾಂಜಾ ಇತ್ತು. ಒಡಿಶಾದಿಂದ ಲಾರಿಯಲ್ಲಿ, ತರಕಾರಿಯ ಅಡಿಯಲ್ಲಿ ಬಂದ ಮಾಲು. ಅಂದು ಎರಡು ಕಿಲೊಗೆ ಮಹಜರು ಬರೆದು ಕಡತ ಮುಚ್ಚಿದ್ದರೆ ಆ ಗುಂಡಿ ಇಂದಿಗೂ ತುಂಬುತ್ತಾ ಖಾಲಿಯಾಗುತ್ತಾ ಇರುತ್ತಿತ್ತು.

ಒಡಿಶಾದಲ್ಲಿ ಎಲ್ಲಿಂದ? ಮಲ್ಕನ್‌ಗಿರಿ ಜಿಲ್ಲೆಯಲ್ಲಿ ಬಲಿಮೆಲಾ ಎಂಬ ಜಲಾಶಯವಿದೆ. ಅಣೆಕಟ್ಟು ಕಟ್ಟಿದಾಗ ನೀರು ಸುತ್ತುವರಿದು ನೂರೈವತ್ತರಷ್ಟು ಹಳ್ಳಿಗಳು ಹೊರಲೋಕದಿಂದ ಕಡಿದುಹೋದವು. ರಸ್ತೆ ಇಲ್ಲ, ಆಸ್ಪತ್ರೆ ಇಲ್ಲ, ಸಂತೆಗೆ ಹೋಗಬೇಕಾದರೂ ದೋಣಿ. ಸರ್ಕಾರ ಹೋಗದ ಆ ಜಾಗಕ್ಕೆ ಮಾವೋವಾದಿಗಳು ಹೋದರು. 2008ರ ಜೂನ್‌ನಲ್ಲಿ ಆ ಜಲಾಶಯದಲ್ಲೇ ಪೊಲೀಸರ ದೋಣಿಯ ಮೇಲೆ ದಾಳಿ ನಡೆದು 38 ಮಂದಿ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಆಂಧ್ರದ ಮಾವೋವಾದಿ ನಿಗ್ರಹ ಪಡೆಯಾದ ಗ್ರೇಹೌಂಡ್ಸ್‌ನವರು. 2011ರಲ್ಲಿ ಜಿಲ್ಲಾಧಿಕಾರಿಯನ್ನೇ ಅಪಹರಿಸಿದರು. ಈ ಗಡಿಯ ಗುಡ್ಡಗಳಲ್ಲೂ, ಆಚೆಯ ಪಾಡೇರು, ಚಿಂತಪಲ್ಲಿ ಕಡೆಯ ಆಂಧ್ರದ ಕಾಡಿನಲ್ಲೂ ಗಾಂಜಾ ಹಬ್ಬಿತು. ‘ಶೀಲಾವತಿ’ ಎಂಬ ತಳಿ ನಮ್ಮ ಬೆಂಗಳೂರಿನವರೆಗೂ ಹೆಸರು ಮಾಡಿತು. ಬೆಳೆಗಾರರಿಂದ ಮಾವೋವಾದಿಗಳು ಪಾಲು ಪಡೆಯುತ್ತಿದ್ದರು ಎಂಬುದು ಪೊಲೀಸರ ಆರೋಪ. ಬೀಜ, ಮುಂಗಡ ಹಣ ಕೊಟ್ಟು ಬೆಳೆಸಿದ್ದು ಮಾತ್ರ ಹೊರಗಿನ ವ್ಯಾಪಾರಿಗಳು. ಬೆಳೆದ ಆದಿವಾಸಿಗೆ ಉಳಿದದ್ದು ಪುಡಿಗಾಸು ಮತ್ತು ಜೈಲು.

2018ರ ಜುಲೈನಲ್ಲಿ ಬಲಿಮೆಲಾದ ಆ ಕಡಿದುಹೋದ ಹಳ್ಳಿಗಳನ್ನು ಹೊರಲೋಕಕ್ಕೆ ಜೋಡಿಸುವ ಗುರುಪ್ರಿಯಾ ಸೇತುವೆ ತೆರೆಯಿತು. ಮೂರು ವರ್ಷದ ಬಳಿಕ ಆಂಧ್ರ ಪೊಲೀಸರು ‘ಪರಿವರ್ತನ’ ಕಾರ್ಯಾಚರಣೆ ನಡೆಸಿ ಸಾವಿರಾರು ಎಕರೆ ಬೆಳೆ ಕಿತ್ತರು. 2022ರ ಫೆಬ್ರುವರಿಯಲ್ಲಿ ಅನಕಾಪಲ್ಲಿಯ ಬಳಿ ಎರಡು ಲಕ್ಷ ಕಿಲೊ ಗಾಂಜಾ ಒಟ್ಟಿ ಸುಟ್ಟರು. ನನ್ನನ್ನು ಕೇಳಿದರೆ ಬೆಂಕಿಗಿಂತ ಸೇತುವೆಯೇ ದೊಡ್ಡ ಕೆಲಸ.

ನಮ್ಮ ಮಲೆನಾಡಿನ ನಕ್ಸಲರ ಕಥೆ ಬೇರೆ. ಅದನ್ನು ಗಾಂಜಾಕ್ಕೆ ಗಂಟು ಹಾಕಬಾರದು. ಆದರೆ ಎರಡೂ ಕಥೆ ಒಂದು ಕಡೆ ಸೇರಿವೆ. 2024ರ ನವೆಂಬರ್ 18ರಂದು ಹೆಬ್ರಿಯ ಕಬ್ಬಿನಾಲೆ ಕಾಡಿನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಪೊಲೀಸರ ಗುಂಡಿಗೆ ಬಲಿಯಾದರು. 2025ರ ಜನವರಿ 8ರಂದು ಆರು ಮಂದಿ ಮುಖ್ಯಮಂತ್ರಿಯ ಮುಂದೆ ಶರಣಾದರು, ಫೆಬ್ರುವರಿ ಹೊತ್ತಿಗೆ ಉಳಿದಿಬ್ಬರೂ ಬಂದರು. ಕಾರ್ಕಳದಲ್ಲಿ ನೆಲೆ ಹೂಡಿದ್ದ ನಕ್ಸಲ್ ನಿಗ್ರಹ ಪಡೆಗೆ ಇನ್ನು ಕಾಡಿನಲ್ಲಿ ಕೆಲಸವಿರಲಿಲ್ಲ. ಸರ್ಕಾರ ಅದರ ಒಂದಷ್ಟು ಹುದ್ದೆಗಳನ್ನು ತೆಗೆದು ಮಾದಕ ವಸ್ತು ನಿಗ್ರಹ ಕಾರ್ಯಪಡೆ ಕಟ್ಟಿತು. ಜಿಗಣೆ ಕಚ್ಚಿಸಿಕೊಂಡು ಗುಡ್ಡ ಹತ್ತಿದ ಪಡೆಯ ಬಲ ಈಗ ನಗರದ ಮೊಬೈಲ್ ಸಂದೇಶಗಳ ಹಿಂದೆ ಹೊರಟಿದೆ.

ಕಷ್ಟ ಇರುವುದು ಅಲ್ಲೇ. ಗಾಂಜಾಕ್ಕೆ ವಾಸನೆ ಇದೆ, ತೂಕ ಇದೆ, ಲಾರಿ ಬೇಕು. ಎಂಡಿಎಂಎ ಎಂಬ ರಾಸಾಯನಿಕ ಮಾದಕಕ್ಕೆ ಜೇಬು ಸಾಕು. 1985ರ ಮಾದಕ ವಸ್ತು (ಎನ್‌ಡಿಪಿಎಸ್) ಕಾಯ್ದೆಯ ಪ್ರಕಾರ 20 ಕಿಲೊಗಿಂತ ಹೆಚ್ಚು ಗಾಂಜಾ ಇಟ್ಟುಕೊಂಡವನ ಶಿಕ್ಷೆಯೂ ಕೇವಲ 10 ಗ್ರಾಂ ದಾಟಿದ ಎಂಡಿಎಂಎ ಇಟ್ಟುಕೊಂಡವನ ಶಿಕ್ಷೆಯೂ ಒಂದೇ ತೂಕದ್ದು: ಹತ್ತರಿಂದ ಇಪ್ಪತ್ತು ವರ್ಷ. 2025ರ ಮಾರ್ಚ್‌ನಲ್ಲಿ ಮಂಗಳೂರು ಪೊಲೀಸರು ಬೆಂಗಳೂರಿಗೆ ಬಂದು ದಕ್ಷಿಣ ಆಫ್ರಿಕಾದ ಇಬ್ಬರು ಮಹಿಳೆಯರ ಟ್ರಾಲಿ ಬ್ಯಾಗುಗಳಲ್ಲಿ ಹಿಡಿದದ್ದು 37.87 ಕಿಲೊ, ಅಂದರೆ ಆ ಹತ್ತು ಗ್ರಾಮಿನ 3,787 ಪಟ್ಟು. ಆ ತನಿಖೆಯೂ ಶುರುವಾದದ್ದು ಮಂಗಳೂರಿನಲ್ಲಿ ಸಿಕ್ಕ 15 ಗ್ರಾಂನಿಂದ. ಶೇಷಾದ್ರಿಪುರದ ಪಾಠವೇ ಮತ್ತೆ: ಸಿಕ್ಕಿದ್ದಕ್ಕೆ ತೃಪ್ತಿಪಡದೆ, ತಿಂಗಳುಗಟ್ಟಲೆ ಮೇಲಿನ ಕೊಂಡಿ ಹುಡುಕಬೇಕು.

ಹುಡುಗರ ಮಾತಿಗೆ ಬರುತ್ತೇನೆ. ನಮ್ಮ ಬೀದಿಯ ತಾಯಿಯೊಬ್ಬರು ಮಗನ ಬ್ಯಾಗಿನಲ್ಲಿ ಪೊಟ್ಟಣ ಕಂಡು ಮೂರು ವಾರ ಬಾಯಿ ಬಿಡಲಿಲ್ಲ. ‘ಡಾಕ್ಟರಿಗೆ ಹೇಳಿದ್ರೆ ಪೊಲೀಸ್ರಿಗೆ ಗೊತ್ತಾಗಿ ಹಿಡ್ಕೊಂಡು ಹೋಗ್ತಾರಲ್ವಾ ಅಣ್ಣಾ?’ ಎಂದು ಕೇಳಿದರು. ಈ ಹೆದರಿಕೆಯಿಂದ ಎಷ್ಟು ಮನೆಗಳು ಬಾಗಿಲು ಮುಚ್ಚಿಕೊಂಡಿವೆಯೋ. ಅದೇ ಕಾಯ್ದೆಯ 64ಎ ಕಲಮು ಬೇರೆಯೇ ಹೇಳುತ್ತದೆ: ಚಟಕ್ಕೆ ಬಿದ್ದವನು ಸೇವನೆಗಾಗಿ ಅಥವಾ ಸಣ್ಣ ಪ್ರಮಾಣಕ್ಕಾಗಿ ಸಿಕ್ಕಿಬಿದ್ದಿದ್ದರೂ ತಾನಾಗಿ ಸರ್ಕಾರ ಮಾನ್ಯ ಮಾಡಿದ ಚಿಕಿತ್ಸೆಗೆ ಹೋದರೆ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ಚಿಕಿತ್ಸೆಯನ್ನು ಪೂರ್ತಿ ಮಾಡಬೇಕು, ನಡುವೆ ಬಿಟ್ಟರೆ ಆ ರಕ್ಷಣೆ ಹಿಂದೆ ಹೋಗಬಹುದು. ಬೆಂಗಳೂರಿನಲ್ಲೇ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗ ಇದೆ. ಮನೆಯಿಂದಲೇ ಮಾತಾಡುವುದಾದರೆ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೋ, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೋ ಕರೆ ಮಾಡಬಹುದು.

ಎಷ್ಟು ಕಿಲೊ ಹಿಡಿದೆವು ಎಂಬ ಲೆಕ್ಕ ಪ್ರತಿ ವರ್ಷ ಮಾದಕ ವಸ್ತು ವಿರೋಧಿ ದಿನವಾದ ಜೂನ್ 26ರಂದು ಪತ್ರಿಕೆಯಲ್ಲಿ ಬರುತ್ತದೆ. ಎಷ್ಟು ಹುಡುಗರು ಚಿಕಿತ್ಸೆಗೆ ಬಂದರು ಎಂಬ ಲೆಕ್ಕವನ್ನೂ ಅದರ ಪಕ್ಕದಲ್ಲೇ ಓದಬೇಕೆಂಬುದು ನನ್ನ ಆಸೆ. ಅಲ್ಲಿಯವರೆಗೆ ಆ 64ಎ ಕಲಮನ್ನು ಕೊಡಿಗೇಹಳ್ಳಿಯ ಪಿಜಿಗಳ ಬಾಗಿಲ ಮೇಲೆ, ರೈಲು ನಿಲ್ದಾಣದ ಗೋಡೆಯ ಮೇಲೆ, ಠಾಣೆಯ ಮೆಟ್ಟಿಲ ಪಕ್ಕದಲ್ಲಿ ದಪ್ಪ ಕನ್ನಡ ಅಕ್ಷರದಲ್ಲಿ ಯಾರಾದರೂ ಬರೆಸಲಿ. ಬಣ್ಣದ ಖರ್ಚು ನಾನು ಕೊಡುತ್ತೇನೆ.